ಅಕ್ಕನ ಪ್ರಶ್ನೆ, ನನ್ನ ಶಾಲು

ಅಕ್ಕ ಕೇಳು ಎಂದಿದ್ದ ಒಂದೇ ಒಂದು ಪ್ರಶ್ನೆಯನ್ನು ನಾನು ಕೇಳಲಿಲ್ಲ. ಕೇಳಬೇಕಾಗಿದ್ದ ಜಾಗದಲ್ಲಿ ಶಾಲು ಹೊದಿಸಿಕೊಂಡು, ತೆಂಗಿನಕಾಯಿ ಹಿಡಿದು, ಹಲ್ಲು ಕಿಸಿದು ನಿಂತೆ. ಆ ಫೋಟೊ ಈಗಲೂ ನಮ್ಮ ಚಾಳಿನ ಅನೇಕರ ಮೊಬೈಲಿನಲ್ಲಿದೆ.

ವಿಜಾಪುರದ ಕಡೆಯಿಂದ ಕುರ್ಲಾಕ್ಕೆ ಬಂದವರು ನಾವು. ನಾನು ನಾಲ್ಕನೆಯ ಇಯತ್ತೆಯವರೆಗೆ ಕಲಿತವನು, ವಿಲೆ ಪಾರ್ಲೆಯ ಒಂದು ಬಿಲ್ಡಿಂಗಿನಲ್ಲಿ ವಾಚ್‌ಮನ್. ಅಕ್ಕ ಅಷ್ಟೂ ಕಲಿಯಲಿಲ್ಲ. ಗಂಡ ತೀರಿಕೊಂಡ ಮೇಲೆ ಗೌಂಡಿಗಳ ಕೈಕೆಳಗಿನ ಕೆಲಸ ಬಿಟ್ಟು, ಗ್ಯಾರೇಜಿನ ಹಿಂದಿನ ಜಾಗ ಬಾಡಿಗೆಗೆ ಹಿಡಿದು ಮೂರು ಸಂಡಾಸು ಕಟ್ಟಿಸಿದಳು. ಒಳಗೆ ಹೋಗಲು ಐದು ರೂಪಾಯಿ. ಟ್ಯಾಂಕರ್ ನೀರು, ಫಿನಾಯಿಲ್, ಗಟ್ಟಿ ಚಿಲಕ. ನನಗೂ ಐದೇ ರೂಪಾಯಿ.

"ಒಡಹುಟ್ಟಿದವನ ಕಡೀಂದೂ ರೊಕ್ಕಾನ, ಅಕ್ಕಾ?" ಎಂದರೆ, "ಟ್ಯಾಂಕರಿನವ ನನ್ನ ಮಾವ ಏನು, ಫುಕಟ್ ನೀರ ಹಾಕಾಕ?" ಎನ್ನುತ್ತಿದ್ದಳು.

ಅಷ್ಟರಲ್ಲಿ ನಗರಸೇವಕರು, ಅಂದರೆ ನಮ್ಮ ವಾರ್ಡಿನ ಕಾರ್ಪೊರೇಟರು, ಎದುರಿಗೇ ಫುಕಟ್ ಸಂಡಾಸು ಕಟ್ಟಿಸುತ್ತಾರೆಂಬ ಸುದ್ದಿ ಬಂತು. ಚಾಳಿನ ಅಂಗಳದಲ್ಲಿ ಸಭೆ ಗೊತ್ತಾಯಿತು. ಅಕ್ಕ ನನ್ನನ್ನು ಎದುರಿಗೆ ಕೂರಿಸಿಕೊಂಡಳು.

"ಫುಕಟ್ ಎಲ್ಲಿದೋ ತಮ್ಮಾ? ಮುನಸಿಪಾಲಿಟಿ ಗ್ಯಾರೇಜಿನವನ ಟ್ಯಾಕ್ಸ್ ಏರಸ್ತೈತಿ. ಅವ ನನ್ನ ಬಾಡಿಗಿ ಏರಸ್ತಾನ. ಅಂದ್ರ ನನ್ನ ಅಂಗಡಿ ಮುಚ್ಚಸೂ ಸಂಡಾಸಕ್ಕ ನಾನ ರೊಕ್ಕ ಕೊಟ್ಟಂಗಾತು. ಕಟ್ಟಲಿ, ಬ್ಯಾಡ ಅನ್ನಾಂಗಿಲ್ಲ. ಕಟ್ಟಿದ ಮ್ಯಾಲ ನೀರು ಯಾರು ಹಾಕತಾರ, ಯಾರು ತೊಳೀತಾರ, ಅಷ್ಟ ಕೇಳು."

"ನೀನ ಯಾಕ ಕೇಳಬಾರದು?"

"ನಾ ಕೇಳಿದ್ರ ಅಂಗಡಿ ಸಲುವಾಗಿ ಬಾಯಿ ಮಾಡ್ತಾಳ ಅಂತಾರ. ನೀ ಗಿರಾಕಿ. ಗಿರಾಕಿ ಮಾತಿಗಿ ತೂಕ ಇರ್ತೈತಿ."

ಪ್ರಶ್ನೆಯನ್ನು ಹಿಂದಿಯಲ್ಲಿ ಜೋಡಿಸಿಕೊಂಡು, ಲೋಕಲ್ ರೈಲಿನಲ್ಲಿ ಹೋಗಿ ಬರುತ್ತ ಬಾಯಿಪಾಠ ಮಾಡಿದೆ. "ಪಾನಿ ಕೌನ್ ಡಾಲೇಗಾ" ಎಂದು ಗೊಣಗುತ್ತಿದ್ದ ನನಗೆ ಪಕ್ಕದವನೊಬ್ಬ ಮರುಕದಿಂದ ತನ್ನ ಬಾಟಲಿ ಚಾಚಿದ.

ಸಭೆಯಲ್ಲಿ ಕೈ ಎತ್ತಿದೆ. ಮೈಕಿನವರು ನಾನು ಧನ್ಯವಾದ ಹೇಳಲು ಎದ್ದಿದ್ದೇನೆಂದು ತಿಳಿದು ವೇದಿಕೆಗೇ ಕರೆದರು. ಹತ್ತುವಷ್ಟರಲ್ಲಿ ಹೆಗಲ ಮೇಲೆ ಶಾಲು ಬಿತ್ತು, ಕೈಗೆ ತೆಂಗಿನಕಾಯಿ ಬಂತು. ಇಷ್ಟು ವರ್ಷ ಗೇಟಿನಲ್ಲಿ ಸಲಾಂ ಹೊಡೆದವನಿಗೆ ಯಾರೂ ಶಾಲು ಹೊದಿಸಿರಲಿಲ್ಲ. ಹೊದಿಸಿದವರನ್ನೇ ನೀರಿನ ಮಾತು ಕೇಳುವುದು ಹೇಗೆ? ಅದೂ ಅಲ್ಲದೆ, ನಿಜ ಹೇಳಿಬಿಡುತ್ತೇನೆ, ದಿನಕ್ಕೆ ಐದು ರೂಪಾಯಿ ಉಳಿಯುತ್ತದಲ್ಲ ಎಂಬ ಆಸೆಯೂ ಒಳಗೆ ಇತ್ತು. "ಬಹುತ್ ಅಚ್ಛಾ ಕಾಮ್ ಹೈ" ಎಂದೆ. ಚಪ್ಪಾಳೆ ಬಿತ್ತು. ಹಿಂದಿನ ಸಾಲಿನಲ್ಲಿ ಅಕ್ಕ ಒಬ್ಬಳೇ ಕೈಕಟ್ಟಿ ಕೂತಿದ್ದಳು.

ಸಂಡಾಸು ಎದ್ದಿತು. ಬಾಗಿಲಿಗಿಂತ ನಗರಸೇವಕರ ಹೆಸರಿನ ಫಲಕ ದೊಡ್ಡದಿತ್ತು. ಮೊದಲ ತಿಂಗಳು ಎಲ್ಲರೂ, ನಾನೂ, ಅಲ್ಲಿಗೇ. ಅಕ್ಕ ಟ್ಯಾಂಕರ್ ಕಡಿಮೆ ಮಾಡಿ, ಮೂರರಲ್ಲಿ ಎರಡು ಬಾಗಿಲಿಗೆ ಬೀಗ ಹಾಕಿದಳು. ಆಮೇಲೆ ಫುಕಟ್ ಸಂಡಾಸಿನಲ್ಲಿ ನೀರು ಬರುವುದು ನಿಂತಿತು, ಬಲ್ಬು ಹೋಯಿತು, ಚಿಲಕ ಹೋಯಿತು. ಹಾಡುತ್ತ ಕೂರಬೇಕಾಯಿತು, ಒಳಗೆ ಯಾರೋ ಇದ್ದಾರೆಂದು ಗೊತ್ತಾಗಲಿಕ್ಕೆ. ವಾರ್ಡ್ ಆಫೀಸಿಗೆ ಹೋದೆವು. ಕಟ್ಟಲು ನಿಧಿ ಬಂದಿತ್ತು, ತೊಳೆಯಲು ಬಂದಿಲ್ಲ ಎಂದರು. ಮಾರ್ಚ್‌ನಲ್ಲಿ ಬಂತು. ಆದರೆ ತಿಂಗಳು ಮುಗಿಯುವುದರೊಳಗೆ ಖರ್ಚಾಗಬೇಕಿತ್ತಂತೆ. ಹೊರಗೋಡೆಗೆ ನವಿಲಿನ ಚಿತ್ರ ಬರೆಸಿ ಹೋದರು. ಮೂಗು ಮುಚ್ಚಿಕೊಂಡು ನೋಡಿದರೆ ಚೆಂದದ ನವಿಲು.

ಅಕ್ಕ ನನ್ನನ್ನು ಬೈಯಲಿಲ್ಲ. ಒಮ್ಮೆ ಮಾತ್ರ ಅಂದಳು: "ನನ್ನದು ನಾರಿದ್ರ ಜನ ಮಾರಿಗೇ ಬೈತಿದ್ರು, ಮರುದಿನ ಬರ್ತಿರಲಿಲ್ಲ. ಆ ಅಂಜಿಕಿಗೇ ತಿಕ್ಕತಿದ್ದೆ. ಅವರಿಗೆ ಯಾರ ಅಂಜಿಕಿ ಐತಿ?"

ಒಂದು ಬೆಳಿಗ್ಗೆ ಹೊಟ್ಟೆ ಕೆಟ್ಟು, ಅಕ್ಕನ ಆ ಒಂದೇ ಬಾಗಿಲಿನ ಮುಂದೆ ಬಂದು ನಿಂತೆ. ನನ್ನ ಮುಂದೆ ಆರು ಜನ.

"ಶಾಲು ತಂದೀಯೇನೋ? ಹೊಚ್ಚಿಕೊಂಡು ನಿಲ್ಲು, ಮುಂದ ಬಿಟ್ಟಾರು," ಎಂದಳು.

"ಅಕ್ಕಾ, ತಪ್ಪಾತು. ಮೊದಲ ಒಳಗ ಬಿಡು."

"ಹೊಟ್ಟಿ ಕಡಿಯುವಾಗ ಎಲ್ಲಾರೂ ತಪ್ಪಾತು ಅಂತಾರ. ಹೊರಗ ಬಂದ ಮ್ಯಾಲ ಹೇಳು."

ಸಾಲಿನವರು ನಕ್ಕು ದಾರಿ ಬಿಟ್ಟರು. ಡಬ್ಬಿಗೆ ರೊಕ್ಕ ಹಾಕದೆಯೇ ಒಳಗೆ ಓಡಿದೆ.

ಹೊರಗೆ ಬಂದಾಗ ಅಕ್ಕ ಬೆನ್ನು ಹಾಕಿ ಬಕೆಟ್ಟಿಗೆ ನೀರು ತುಂಬುತ್ತಿದ್ದಳು. ಡ್ಯೂಟಿಗೆ ಹೊತ್ತಾಗಿತ್ತು, ಸದ್ದಿಲ್ಲದೆ ಜಾರಿಕೊಳ್ಳಬಹುದಿತ್ತು. ನಾಲ್ಕು ಹೆಜ್ಜೆ ಜಾರಿಕೊಂಡೂ ಬಿಟ್ಟಿದ್ದೆ. ತಿರುಗಿ ಬಂದು ಐದು ರೂಪಾಯಿ ಡಬ್ಬಿಗೆ ಹಾಕಿದೆ. ಇಲ್ಲಿ ಮೈಕ್ ಇರಲಿಲ್ಲ; ಸಾಲಿಗೆಲ್ಲ ಕೇಳುವಂತೆ ದನಿ ಎತ್ತಿದೆ.

"ಅಕ್ಕಾ, ನೀ ಕೇಳು ಅಂದದ್ದು ನಾ ಕೇಳಲಿಲ್ಲ. ಒಂದು ಶಾಲಿಗಿ ಮಳ್ಳಾದೆ. ಐದು ರೂಪಾಯಿ ಆಸಿಗಿ ನಿನ್ನ ಎರಡು ಬಾಗಲಾ ಮುಚ್ಚಿಸಿದೆ. ತಪ್ಪಾತು."