ಹತ್ತು ತಲೆಯ ಕೃಷ್ಣ

ಕನ್ನಡಕ ಧರಿಸಿದವರ ಮೂಗಿನ ಮೇಲೆ ಊರಿಗೆಲ್ಲ ಹಕ್ಕಿರುತ್ತದೆ ಎಂಬುದನ್ನು ನೀವೂ ಗಮನಿಸಿರಬಹುದು. ಕೊಡೆಯನ್ನೋ ಕೈಗಡಿಯಾರವನ್ನೋ ಕೇಳಲು ಸಂಕೋಚಪಡುವ ಸಂಭಾವಿತರು ಕೂಡ ಪರರ ಕನ್ನಡಕವನ್ನು 'ಎಲ್ಲಿ, ಒಂದು ಗಳಿಗೆ ಕೊಡಿ' ಎಂದು ಕಳಚಿಸಿ ತಮ್ಮ ಕಿವಿಗೆ ಸಿಕ್ಕಿಸಿಕೊಳ್ಳುತ್ತಾರೆ. ಅರಸೀಕೆರೆಯಿಂದ ಜಾವಗಲ್ ಮೇಲೆ ಹಳೇಬೀಡಿಗೆ ಹೋಗುವ ಬಸ್ಸಿನಲ್ಲಿ ಒಮ್ಮೆ ನನ್ನ ಕನ್ನಡಕವು ಡ್ರೈವರನ ಹಿಂದಿನ ಸೀಟಿನ ತನಕ ಪ್ರವಾಸ ಹೋಗಿ, ಹಲವು ಮನೆತನಗಳ ಅಭಿಪ್ರಾಯ ಸಂಗ್ರಹಿಸಿ, ಗಾಜಿನ ತುಂಬ ಕೊಬ್ಬರಿ ಎಣ್ಣೆಯ ಬೆರಳಚ್ಚುಗಳೊಂದಿಗೆ ಮರಳಿತು. ಅಷ್ಟು ಹೊತ್ತೂ ನಾನು ಎದುರಿಗಿದ್ದವರು ಗಂಡಸೋ ಹೆಂಗಸೋ ತಿಳಿಯದೆ ಎಲ್ಲರಿಗೂ ಸಮಾನವಾಗಿ ಮುಗುಳ್ನಗುತ್ತಿದ್ದೆ.

ಇಂಥ ಸೀಮೆಯಿಂದ ಹೊರಟ ನಾನು ಅರವತ್ತರ ದಶಕದ ಆರಂಭದಲ್ಲಿ ಬೆಂಗಳೂರಿನಲ್ಲಿ ಆಪ್ಟೊಮೆಟ್ರಿ ಓದುತ್ತಿದ್ದೆ. ಅಂದರೆ ದೃಷ್ಟಿಯನ್ನು ಅಳೆಯುವ, ಯಾವ ಕಣ್ಣಿಗೆ ಯಾವ ಮಸೂರವೆಂದು ನಿರ್ಧರಿಸುವ, ಮಸೂರಕ್ಕೆ ನಿಲುಕದ್ದನ್ನು ವೈದ್ಯರಿಗೆ ಒಪ್ಪಿಸುವ ವಿದ್ಯೆ. ಈ ವಾಕ್ಯವನ್ನು ಎಷ್ಟು ಜನರಿಗೆ ಒಪ್ಪಿಸಿದ್ದೇನೆಂದರೆ ನಿದ್ದೆಗಣ್ಣಿನಲ್ಲೂ ತಪ್ಪುವುದಿಲ್ಲ. ಆದರೂ ರಜೆಗೆ ಬಂದಾಗ ಅರ್ಧ ಅರಸೀಕೆರೆ ನನ್ನನ್ನು 'ಡಾಕ್ಟ್ರಮ್ಮ' ಎಂದು ಕರೆದು ಮಂಡಿನೋವಿಗೆ ಔಷಧ ಕೇಳುತ್ತಿತ್ತು. ಉಳಿದರ್ಧವು, ಸಂತೆಯಲ್ಲಿ ಬುಟ್ಟಿಯಿಟ್ಟು ಕನ್ನಡಕ ಮಾರುವವನ ಕಸುಬನ್ನು ಕಲಿಯಲು ಹೆಣ್ಣುಮಗಳು ಅಷ್ಟು ದೂರ ಹೋಗಬೇಕಿತ್ತೇ ಎಂದು ಮರುಗುತ್ತಿತ್ತು. ರೈಲ್ವೆ ಗುಮಾಸ್ತರಾಗಿದ್ದ ನನ್ನ ತಂದೆ ಮಾತ್ರ, "ಎರಡೂ ಅಲ್ಲ ಅಂತ ಮುಖಕ್ಕೇ ಹೇಳ್ಬಿಡು" ಎನ್ನುತ್ತಿದ್ದರು. ಹೇಳುತ್ತಿದ್ದೆ. ವಾದವೆಂದರೆ ನನಗೆ ಬಿಸಿ ಬೋಂಡದಷ್ಟೇ ಪ್ರೀತಿ.

ಆ ವಾದಪ್ರೀತಿಗೆ ನಿಜವಾದ ಪರೀಕ್ಷೆ ಬಂದದ್ದು ಹಳೇಬೀಡಿನಲ್ಲಿ. ನನ್ನ ದೊಡ್ಡಪ್ಪ ನಂಜುಂಡಯ್ಯ ಅಲ್ಲಿ ಪ್ರವಾಸಿಗಳಿಗೆ ದೇವಸ್ಥಾನ ತೋರಿಸುತ್ತಿದ್ದರು. ಅವರ ತಂದೆಯಿಂದ ಬಾಯಿಪಾಠವಾಗಿ ಬಂದ ವಿವರಣೆ ಅವರ ಕಾಲುಗಳಿಗೂ ಪಾಠವಾಗಿತ್ತು. ಗೋಡೆಯ ಒಂದು ಮೂಲೆಯಿಂದ ಹೊರಟರೆ ಒಂದು ಕಥೆ ಮುಗಿಯುವ ಹೊತ್ತಿಗೆ ಸರಿಯಾಗಿ ಮುಂದಿನ ಮೂರ್ತಿಯ ಎದುರು ನಿಂತಿರುತ್ತಿದ್ದರು. ಆದ್ದರಿಂದ ಅವರ ದೃಷ್ಟಿ ಮಸುಕಾಗುತ್ತ ಬಂದದ್ದು ಯಾರ ಗಮನಕ್ಕೂ ಬರಲಿಲ್ಲ. ಒಂದು ದಿನ, ಬೇಲೂರು ನೋಡಿ ದಣಿದು ಬಂದ ತಂಡವೊಂದು ಅವರ ಮಾಮೂಲು ಮೂಲೆಯಲ್ಲೇ ಚೀಲಗಳನ್ನಿಳಿಸಿ ಕುಳಿತುಬಿಟ್ಟಿತು. ದೊಡ್ಡಪ್ಪ ಅನಿವಾರ್ಯವಾಗಿ ಕೊಂಚ ಆಚೆಯಿಂದ ಹೊರಟರು. ಪರಿಣಾಮವಾಗಿ, ಗೋವರ್ಧನವನ್ನೆತ್ತಿ ನಿಂತ ಕೃಷ್ಣನ ಎದುರಿನಲ್ಲಿ ಕೈಲಾಸವನ್ನೆತ್ತಿದ ರಾವಣನ ವರ್ಣನೆ ಸಾಂಗವಾಗಿ ನಡೆಯಿತು. ಬೆಟ್ಟವನ್ನೇನೋ ಇಬ್ಬರೂ ಎತ್ತಿದವರೇ. ಆದರೆ "ಹತ್ತು ತಲೆ ಎಣಿಸ್ಕೊಳ್ಳಿ" ಎಂದಾಗ ತಂಡ ಎಣಿಸಿ, ಒಂದೇ ಸಿಕ್ಕಿ, ಹೊಟ್ಟೆ ಹಿಡಿದುಕೊಂಡು ನಕ್ಕಿತು. ದೇವಸ್ಥಾನದ ಉಸ್ತುವಾರಿಯವರು ಅವರನ್ನು ಕರೆದು, ಇನ್ನೊಮ್ಮೆ ಹೀಗಾದರೆ ಬೇರೆಯವರನ್ನು ನೋಡಿಕೊಳ್ಳಬೇಕಾಗುತ್ತದೆ ಎಂದರು. ಆ ಗೋಡೆಯನ್ನು ಬಿಟ್ಟರೆ ದೊಡ್ಡಪ್ಪನಿಗೆ ಬೇರೆ ಬದುಕಿರಲಿಲ್ಲ.

ಮನೆಯವರು ನನ್ನನ್ನು ಕರೆಸಿದರು. ದೊಡ್ಡಪ್ಪನನ್ನು ಜಗುಲಿಯ ಮೇಲೆ ಕೂರಿಸಿ ಟಾರ್ಚು ಬಿಟ್ಟು ನೋಡಿದೆ. ಎರಡು ಕಣ್ಣುಗಳಲ್ಲೂ ಪೊರೆ ಬೆಳ್ಳಗೆ ಬಲಿತಿತ್ತು.

"ಕನ್ನಡಕದಿಂದ ಆಗಲ್ಲ ದೊಡ್ಡಪ್ಪ. ಮೈಸೂರಿಗೆ ಹೋಗಿ ಪೊರೆ ತೆಗೆಸ್ಬೇಕು."

"ಆಗಲ್ಲ ಅನ್ನೋದನ್ನ ಕಲಿಯೋಕೆ ಬೆಂಗಳೂರಿಗೆ ಹೋಗಿದ್ಯೇನೇ?" ಎಂದು ರೇಗಿ, ಮಾರನೆಯ ದಿನವೇ ಅರಸೀಕೆರೆಯ ಸಂತೆಗೆ ಹೋದರು. ಬುಟ್ಟಿಯವನು ಚಿನ್ನದ ಬಣ್ಣದ ಚೌಕಟ್ಟನ್ನು ಮೂಗಿಗೇರಿಸಿ, ಕನ್ನಡಿ ಹಿಡಿದು, ಅಮಲ್ದಾರರಂತೆ ಕಾಣುತ್ತೀರೆಂದು ಹೊಗಳಿ ಕಳಿಸಿದ. ಅವರು ಅಮಲ್ದಾರರ ಠೀವಿಯಲ್ಲೇ ಮನೆಗೆ ಬಂದು ನಡುಮನೆಯ ಕಂಬಕ್ಕೆ ಹಾಯ್ದರು. ಆದರೂ ಬಂಧುವರ್ಗದ ತೀರ್ಪು ನನ್ನ ವಿರುದ್ಧವೇ ಇತ್ತು: ಅವನು ಕೊಟ್ಟನಲ್ಲ, ನಿನ್ನ ಕೈಲಿ ಆಗಲಿಲ್ಲವಲ್ಲ! ನನಗೆ ಉರಿದುಹೋಯಿತು. ಯಾರ ಮುಖಕ್ಕಾದರೂ ಏನಾದರೊಂದು ಗಾಜನ್ನು ಸಿಕ್ಕಿಸಲು ವಿದ್ಯೆಯೇಕೆ? ಸಿಕ್ಕಿಸಬಾರದ ಕಡೆ ಕೈ ಹಿಂದೆಗೆಯುವುದನ್ನೇ ಅಲ್ಲವೇ ನಾವು ವರ್ಷಗಟ್ಟಲೆ ಕಲಿಯುವುದು?

ಹಟ ತೊಟ್ಟು, ಪ್ರವಾಸಿಗಳಿಲ್ಲದ ಒಂದು ಮಧ್ಯಾಹ್ನ ದೊಡ್ಡಪ್ಪನನ್ನು ದೇವಸ್ಥಾನಕ್ಕೆ ಕರೆದೊಯ್ದೆ. ಸುತ್ತು ಬಳಸಿ ನಡೆಸಿ, ದಿಕ್ಕು ತಪ್ಪಿಸಿ, ಒಂದು ಮೂರ್ತಿಯೆದುರು ನಿಲ್ಲಿಸಿ ಇದು ಯಾರೆಂದು ಕೇಳಿದೆ. ಅವರು ತಡವಲು ಕೈ ಚಾಚಿದರು. ನಾನು ಆ ಕೈಯನ್ನು ಹಿಡಿದುಕೊಂಡೆ. "ಗೊತ್ತಾಗ್ತಿಲ್ಲ ಕಣೇ" ಎಂದರು ದೊಡ್ಡಪ್ಪ. ಆ ಗೋಡೆಯ ಮುಂದೆ ಅವರು ಅಂಥ ಮಾತನ್ನಾಡಿದ್ದು ಅದೇ ಮೊದಲಿರಬೇಕು. ವಾದದಲ್ಲಿ ಗೆದ್ದಿದ್ದೆ, ಆದರೆ ನನಗೆ ಅಳು ಬಂತು.

"ಕತ್ತಿ ಹಾಕಿದ್ಮೇಲೆ ಈ ಮಸುಕು ನೋಟವೂ ಹೋಗ್ಬಿಟ್ರೆ?"

"ಹೋಗಲ್ಲ ಅಂತ ಆಣೆ ಹಾಕಲಾರೆ. ಸುಮ್ಮನೆ ಕೂತ್ರೆ ಹೋಗೋದಂತೂ ಖಂಡಿತ. ನಾನೂ ಜೊತೆಗೆ ಬರ್ತೀನಿ."

ಬಂದರು. ಶಸ್ತ್ರಚಿಕಿತ್ಸೆ ವೈದ್ಯರದು, ಗಾಯ ಮಾಗಿದ ಮೇಲೆ ಮಸೂರಗಳನ್ನು ಒಂದೊಂದಾಗಿ ಬದಲಿಸಿ ಅಳತೆ ನೋಡುವಾಗ ಆಸ್ಪತ್ರೆಯವರು ನನ್ನ ಕೈಗೂ ಕೆಲಸ ಕೊಟ್ಟರು. ಆ ಕಾಲದಲ್ಲಿ ಪೊರೆ ತೆಗೆಸಿದವರ ಕನ್ನಡಕದ ಗಾಜು ಸೀಸೆಯ ತಳದಷ್ಟು ದಪ್ಪ. ಹಾಕಿಕೊಂಡರೆ ನೆಲವೇ ಮೇಲೆದ್ದು ಬಂದಂತೆ ತೋರುತ್ತಿತ್ತು. ಮೆಟ್ಟಿಲಿಳಿಯುವುದನ್ನು ಅವರಿಗೆ ಮಗುವಿಗೆ ಕಲಿಸುವಂತೆ ಹೊಸದಾಗಿ ಕಲಿಸಿದೆ. ಬೈದರು, ಕಲಿತರು.

ಅವರು ಕೆಲಸಕ್ಕೆ ಮರಳಿದ ದಿನ ನಾನೂ ಪ್ರವಾಸಿಗಳ ಹಿಂದೆ ನಿಂತಿದ್ದೆ. ಉಸ್ತುವಾರಿಯವರೂ ದೂರದಿಂದ ನೋಡುತ್ತಿದ್ದರು. ಆನೆಯ ಸಾಲು, ಸಿಂಹದ ಸಾಲು ಸುಸೂತ್ರವಾಗಿ ಸಾಗಿ, ಕೃಷ್ಣನ ಎದುರು ಬರುತ್ತಲೇ ದೊಡ್ಡಪ್ಪನ ಮಾತು ನಿಂತುಹೋಯಿತು. ಅವರು ಕತ್ತು ಮುಂದಕ್ಕೆ ಚಾಚಿ, ಬೆಟ್ಟದ ಮೇಲಿನ ಗಿಡಮರಗಳನ್ನು, ಅದರ ಕೆಳಗೆ ಆಶ್ರಯಕ್ಕೆ ನಿಂತ ದನಕರುಗಳನ್ನು ಒಂದೊಂದಾಗಿ ದಿಟ್ಟಿಸುತ್ತಿದ್ದರು.

"ಏನ್ರೀ, ಹೇಳೋದಿಲ್ವಾ?" ಎಂದರು ಒಬ್ಬರು.

"ಸ್ವಲ್ಪ ತಾಳಿ ಸ್ವಾಮಿ," ಎಂದರು ದೊಡ್ಡಪ್ಪ, ಗೋಡೆಯಿಂದ ಕಣ್ಣು ಕೀಳದೆ. "ಇಷ್ಟು ದಿನ ನಮ್ಮಪ್ಪ ಹೇಳಿದ್ದನ್ನ ಹೇಳ್ತಿದ್ದೆ. ಇವತ್ತು ನೋಡ್ತಾ ಇದೀನಿ."