ಸಾಯದವಳ ಸಾವಿನ ಪೋಸ್ಟರ್

ಕುಮಾಸಿ ನಗರದ ಅಸಾಫೊ ಬಡಾವಣೆಯಲ್ಲಿ ಯಾರಾದರೂ ತೀರಿಕೊಂಡರೆ ಎರಡು ಕಾಗದ ಹುಟ್ಟುತ್ತವೆ. ಒಂದು ಆಸ್ಪತ್ರೆ ಕೊಡುವುದು, ಇನ್ನೊಂದು ಆಂಟಿ ಅಫ್ರಾಕೋಮಾ ಬರೆಯುವುದು. ಜನ ನಂಬುವುದು ಎರಡನೆಯದನ್ನು.

ಅಫ್ರಾಕೋಮಾ ಇಪ್ಪತ್ತೆರಡು ವರ್ಷಗಳಿಂದ ಸಾವಿನ ಪೋಸ್ಟರ್ ಬರೆಯುತ್ತಿದ್ದಾರೆ. ಹತ್ತಡಿಗೆ ಎಂಟಡಿಯ ಅಂಗಡಿ, ಒಂದು ಕಂಪ್ಯೂಟರ್, ಒಂದು ಫ್ಯಾನ್, ಗೋಡೆಗೆ ನೇತು ಹಾಕಿದ ಒಂದು ಉಕ್ಕಿನ ಅಳತೆಪಟ್ಟಿ. ಅವರ ವರ್ಗೀಕರಣ ಸರಳ. ನಲವತ್ತರೊಳಗೆ ಸತ್ತವರಿಗೆ ಕೆಂಪು ಅಂಚು, ತಲೆಬರಹ 'ಎಂಥ ಆಘಾತ!' ನಲವತ್ತರಿಂದ ಎಪ್ಪತ್ತರವರೆಗೆ ಕಪ್ಪು ಅಂಚು, 'ಸ್ವರ್ಗದ ಕರೆ'. ಎಪ್ಪತ್ತು ದಾಟಿದವರಿಗೆ ಬಿಳಿ, 'ತುಂಬು ಬಾಳಿಗೆ ವಂದನೆ'. ಬದುಕಿದ್ದಾಗ ಬಣ್ಣಬಣ್ಣದ ದುಬಾರಿ ಕೆಂಟೆ ಬಟ್ಟೆ ಕೊಳ್ಳಲಾಗದವರಿಗೂ ಅವರು ಕಂಪ್ಯೂಟರಿನಲ್ಲೇ ಒಂದು ಕೆಂಟೆ ಹೊದಿಸಿ ಕಳಿಸುತ್ತಿದ್ದರು. ಮಕ್ಕಳ ಪಟ್ಟಿಯಲ್ಲಿ ಲಂಡನ್ನಿನಲ್ಲಿ ಇರುವವರು ಮೊದಲು, ಹತ್ತು ವರ್ಷ ಹಾಸಿಗೆ ಪಕ್ಕ ಕೂತು ಗಂಜಿ ಕುಡಿಸಿದವರು ಆಮೇಲೆ. ಈ ಕ್ರಮ ಅವರದಲ್ಲ, ಕುಟುಂಬಗಳದು. ಅದನ್ನು ಬದಲಿಸಲು ಒಂದೆರಡು ಸಲ ನೋಡಿ ಕೈಬಿಟ್ಟಿದ್ದರು.

ಅವರದೇ ಆದ ನಿಯಮ ಒಂದಿತ್ತು. ಸತ್ತವರ ತಾಯಿಯ ಕಡೆಯ ಕುಲದ ಹಿರಿಯ ಬಂದು, ಕರಡು ಓದಿ, ಸಹಿ ಹಾಕದೆ ಪೋಸ್ಟರ್ ಅಚ್ಚಿಗೆ ಹೋಗುವಂತಿಲ್ಲ. ಆ ಹಿರಿಯನ ಹೆಸರು ಪೋಸ್ಟರಿನ ಮೇಲೂ ಇರಬೇಕು. ಹಾಗಾಗಿ ಕೆಳಗಿನ ಬಲಮೂಲೆಯಲ್ಲಿ 'ಬರಹ: ಅಫ್ರಾಕೋಮಾ' ಎಂದು ಕಂಡರೆ ಜನ ಫೋನ್ ಮಾಡಿ ವಿಚಾರಿಸುತ್ತಿರಲಿಲ್ಲ. ನೇರ ಮನೆಗೆ ಹೋಗಿ ಪೆಟ್ಟಿಗೆಯಿಂದ ಕಪ್ಪು ಬಟ್ಟೆ ತೆಗೆಯುತ್ತಿದ್ದರು. ಆ ಮೂಲೆಯ ಹೆಸರು ಬಿಟ್ಟರೆ ಅಂಗಡಿಯಲ್ಲಿ ಬೆಲೆಬಾಳುವ ವಸ್ತು ಏನೂ ಇರಲಿಲ್ಲ. ಪೋಸ್ಟರನ್ನು ಈಗ ಯಾರು ಬೇಕಾದರೂ ಫೋನಿನಲ್ಲೇ ಮಾಡಿಕೊಳ್ಳಬಹುದು.

ಹೀಗಿರುವಾಗ ಒಂದು ಟಿ.ವಿ. ವಾಹಿನಿಯವರು ಅವರನ್ನು ಸಭೆಗೆ ಕರೆದರು.

'ಆರನೇ ಹಾಸ್ಟೆಲ್' ಎಂಬ ಅಪರಾಧ ಧಾರಾವಾಹಿ ಶುರುವಾಗುವುದರಲ್ಲಿತ್ತು. ಬಿರಾಗೊ ಎಂಬ ಹದಿನೆಂಟರ ಹುಡುಗಿ ಹಾಸ್ಟೆಲಿನಲ್ಲಿ ಸತ್ತು ಸಿಗುತ್ತಾಳೆ, ಗೆಳೆಯರು ಕೊಲೆಗಾರನನ್ನು ಹುಡುಕುತ್ತಾರೆ. ಪ್ರೇಕ್ಷಕರು ಹದಿನಾರರಿಂದ ಇಪ್ಪತ್ತನಾಲ್ಕರವರು ಎಂದು ರಾಜಧಾನಿ ಅಕ್ರಾದಲ್ಲಿರುವ ಕೇಂದ್ರ ಕಚೇರಿ ತೀರ್ಮಾನಿಸಿತ್ತು. ಪ್ರಚಾರದ ಹೊಣೆ ಯೂಜೀನ್ ಅಸಿಯಾಮಾ ಎಂಬ ಇಪ್ಪತ್ತಾರರ ಯುವಕನದು. ಅವನ ಬಳಿ ಒಂದು ಅಂಕಿಅಂಶದ ನಕ್ಷೆ ಇತ್ತು. ಈ ವಯಸ್ಸಿನವರು ಯಾವುದೇ ಜಾಹೀರಾತನ್ನು ಒಂದೂಮುಕ್ಕಾಲು ಸೆಕೆಂಡು ನೋಡುತ್ತಾರೆ ಎಂದು ಅದು ಹೇಳುತ್ತಿತ್ತು. ಎರಡು ಯೋಜನೆಗಳು ಆಗಲೇ ಬಿದ್ದುಹೋಗಿದ್ದವು. ಬಸ್ ನಿಲ್ದಾಣದಲ್ಲಿ ರಕ್ತದಂಥ ಬಣ್ಣ ಚೆಲ್ಲಲು ಪೊಲೀಸರು ಒಪ್ಪಲಿಲ್ಲ. ಕಾಲೇಜುಗಳಲ್ಲಿ ಹಂಚಲು ತರಿಸಿದ ಮುನ್ನೂರು ಕೈಕೋಳಗಳಿಗೆ ಕೀಲಿ ತರಿಸುವುದನ್ನು ಯಾರೋ ಮರೆತಿದ್ದರು.

"ಆಂಟಿ, ಹುಡುಗರು ಜಾಹೀರಾತು ನಂಬಲ್ಲ. ಆದ್ರೆ ಸಾವು ನಂಬ್ತಾರೆ," ಎಂದ ಯೂಜೀನ್. "ಬಿರಾಗೊ ಸತ್ತಳು ಅಂತ ನೀವೊಂದು ಪೋಸ್ಟರ್ ಮಾಡ್ಕೊಡಿ. ಅಸಲಿ ಥರಾನೇ ಇರ್ಬೇಕು."

"ಗೋಡೆ ಮೇಲಿನ ಸಾವು ಯಾರು ಓದ್ತಾರಪ್ಪ? ನಿನ್ನ ವಯಸ್ಸಿನೋರಾ? ನೀನು ಕೊನೇ ಸಲ ನಿಂತು ಓದಿದ್ದು ಯಾವಾಗ?"

"ನಾನು… ನಮ್ಮಮ್ಮ ಓದ್ಕೊಂಡು ಬಂದು ಹೇಳ್ತಾರೆ."

"ಅದೇ ನಾನು ಹೇಳಿದ್ದು."

ಈ ಮಾತು ಸಭೆಯ ಟಿಪ್ಪಣಿಯಲ್ಲಿ ದಾಖಲಾಗಲಿಲ್ಲ.

ಅಫ್ರಾಕೋಮಾ ಎದ್ದು ಹೋಗಬಹುದಿತ್ತು. ಆದರೆ ತಣ್ಣಗಿನ ಕೋಣೆಯಲ್ಲಿ, ಹಿಂದಕ್ಕೆ ಬಾಗುವ ಕುರ್ಚಿಯಲ್ಲಿ ಕೂರಿಸಿ ಆರು ಜನ ಅವರ ಅಭಿಪ್ರಾಯವನ್ನು ಬರೆದುಕೊಳ್ಳುವಂತೆ ನಟಿಸಿದ್ದು ಅದೇ ಮೊದಲು. ಅವರು ಒಂದು ಷರತ್ತು ಹಾಕಿದರು. 'ಇದು ಟಿ.ವಿ. ಧಾರಾವಾಹಿ, ಯಾರೂ ಸತ್ತಿಲ್ಲ' ಎಂಬ ಸಾಲು ಎರಡಿಂಚಿನ ಅಕ್ಷರದಲ್ಲಿ ಇರಬೇಕು, ರಸ್ತೆಯ ಆಚೆಯಿಂದ ಓದಲು ಬರಬೇಕು. ಯೂಜೀನ್ ಅದನ್ನು ಬರೆದೇ ಕೊಟ್ಟ.

"ಇನ್ನು ಕುಲದ ಹಿರಿಯ ಯಾರು?" ಎಂದು ಕೇಳಿದರು ಅಫ್ರಾಕೋಮಾ.

"ಯಾರ ಕುಲ?"

"ಹುಡುಗಿದು. ಹಿರಿಯನಿಲ್ಲದ ಪೋಸ್ಟರ್ ನಾನು ಮಾಡಲ್ಲ. ನೋಡಿದೋರು ನಗ್ತಾರೆ."

"ನನ್ ಹೆಸರೇ ಹಾಕ್ಬಿಡಿ ಆಂಟಿ. ಅಸಲಿ ಅನ್ಸುತ್ತೆ."

ಹೀಗೆ ಯೂಜೀನ್ ಇಪ್ಪತ್ತಾರನೆಯ ವಯಸ್ಸಿಗೆ ಕುಲದ ಹಿರಿಯನಾದ. ಆ ಸೀಮೆಯ ಅಸಾಂಟೆ ಜನರಲ್ಲಿ ಅಷ್ಟು ಬೇಗ ಈ ಪದವಿಗೆ ಏರಿದವರು ಬೇರೆ ಯಾರೂ ಇರಲಾರರು. ಸತ್ತ ಎಂಟನೇ ದಿನ ನಡೆಯುವ ವಾರದ ಕೂಟದ ಸ್ಥಳ, ಸಮಯ ಬರೆಯುವ ಜಾಗದಲ್ಲಿ ಮೊದಲ ಕಂತಿನ ಬಯಲು ಪ್ರದರ್ಶನದ ವಿವರ ಬಂತು: ಶನಿವಾರ, ಮಧ್ಯಾಹ್ನ ಮೂರು, ಅಸಾಫೊ ಸಮುದಾಯ ಮೈದಾನ. ಫೋಟೊ ಬಿರಾಗೊ ಪಾತ್ರದ ನಟಿ ಒಹೆನೆವಾಳದು. ಅವಳಿಗೆ ಅದು ಮೊದಲ ಪಾತ್ರ. ಮೊದಲ ಹತ್ತು ನಿಮಿಷದಲ್ಲೇ ಸಾಯಬೇಕಿತ್ತಾದರೂ ಹುಡುಗಿ ಬಹಳ ಖುಷಿಯಲ್ಲಿದ್ದಳು.

ಕರಡು ಒಪ್ಪಿಸಿ ಅಫ್ರಾಕೋಮಾ ನಾಲ್ಕು ದಿನ ಒಫಿನ್ಸೊದಲ್ಲಿರುವ ಅಕ್ಕನ ಮನೆಗೆ ಹೋದರು. ಶನಿವಾರ ಬೆಳಗ್ಗೆ ಹನ್ನೊಂದಕ್ಕೆ ವಾಪಸು ಬಂದು ಬಸ್ಸಿನಿಂದ ಇಳಿದಾಗ ಎದುರು ಗೋಡೆಯಲ್ಲಿ ಬಿರಾಗೊ ನಗುತ್ತಿದ್ದಳು. ಎಂಥ ಆಘಾತ! ರಸ್ತೆಯ ಈಚೆಯಿಂದ ಅದೊಂದೇ ಕಂಡಿತು. ದಾಟಿ ಹತ್ತಿರ ಹೋದರು. ಕೆಳ ಅಂಚಿನಲ್ಲಿ, ಕೆಂಪಿನ ಮೇಲೆ ಗಾಢ ಕೆಂಪಿನಲ್ಲಿ, ನಾಲ್ಕು ಮಿಲಿಮೀಟರ್ ಎತ್ತರದ ಅಕ್ಷರಗಳಲ್ಲಿ, ಯಾರೂ ಸತ್ತಿಲ್ಲ ಎಂದು ಅಚ್ಚಾಗಿತ್ತು. ನಾಲ್ಕು ಮಿಲಿಮೀಟರ್ ಎಂದು ಅವರು ಕಣ್ಣಳತೆಯಲ್ಲೇ ಹೇಳಬಲ್ಲರು. ಬಲಮೂಲೆಯ 'ಬರಹ: ಅಫ್ರಾಕೋಮಾ' ಮಾತ್ರ ಹೇಗೆ ಬರೆದಿದ್ದರೋ ಹಾಗೇ ಇತ್ತು.

ಯೂಜೀನ್ ಮೂರನೆಯ ಕರೆಗೆ ಫೋನ್ ಎತ್ತಿದ.

"ಆಂಟಿ, ಅಷ್ಟು ದೊಡ್ಡದಾಗಿ ಬರೆದ್ರೆ ಕುತೂಹಲ ಎಲ್ಲಿರುತ್ತೆ? ಅಕ್ರಾದೋರೇ ಚಿಕ್ಕದು ಮಾಡಿ ಅಂದ್ರು."

"ಎಷ್ಟು ಅಂಟಿಸಿದೀರಾ?"

"ಸಾವಿರದ ಇನ್ನೂರು. ಬನ್ನಿ ಆಂಟಿ, ಮೈದಾನ ಹೇಗಿದೆ ನೋಡಿ!"

ಮೈದಾನ ಚೆನ್ನಾಗಿಯೇ ಇತ್ತು. ಸುತ್ತ ಹಳದಿ ಪಟ್ಟಿ, ಮಧ್ಯೆ ದೊಡ್ಡ ಪರದೆ, ನೆಲದ ಮೇಲೆ ಸೀಮೆಸುಣ್ಣದಲ್ಲಿ ಹೆಣದ ಆಕಾರ. ಹುಡುಗರು ಅದರೊಳಗೆ ಮಲಗಿ ಫೋಟೊ ತೆಗೆಸಿಕೊಳ್ಳಬೇಕಿತ್ತು. ಒಹೆನೆವಾ ಕುತ್ತಿಗೆಗೆ ನೀಲಿ ಬಣ್ಣ, ಮುಖಕ್ಕೆ ಬೂದುಬಣ್ಣ ಬಳಿಸಿಕೊಂಡು ಪರದೆಯ ಹಿಂದೆ ತಯಾರಾಗಿದ್ದಳು. ಎರಡೂವರೆಗೆ ಬಂದಿದ್ದ ಯುವಜನರ ಸಂಖ್ಯೆ ಹನ್ನೊಂದು. ಅವರಲ್ಲಿ ಏಳು ಜನ ವಾಹಿನಿಯಲ್ಲೇ ತರಬೇತಿಗೆ ಸೇರಿದವರು.

ಎರಡೂಮುಕ್ಕಾಲಿಗೆ ಮೊದಲ ಬಸ್ಸು ಬಂತು.

ಅದರಿಂದ ಇಳಿದವರು ಚರ್ಚಿನ ಮಹಿಳಾ ಸಂಘದವರು, ಮೂವತ್ನಾಲ್ಕು ಜನ, ಎಲ್ಲರೂ ಕಪ್ಪು ಕೆಂಪು ಬಟ್ಟೆಯಲ್ಲಿ. ಅವರ ಹಿಂದೆ ಚಾಲಕರ ಸಂಘ, ಮಾರುಕಟ್ಟೆಯ ಟೊಮೆಟೊ ವ್ಯಾಪಾರಿಗಳು, ಬಿರಾಗೊ ಎಂಬ ಹೆಸರಿನವರು ತಮ್ಮ ಕುಲದಲ್ಲೂ ಇದ್ದಾರೆಂಬ ಒಂದೇ ಕಾರಣಕ್ಕೆ ಬಂದವರು, ಕಾರಣವೇ ಬೇಡದವರು. ಅವರು ಪದ್ಧತಿಯಂತೆ ಸಾಲಾಗಿ, ಬಲದಿಂದ ಎಡಕ್ಕೆ, ಆಗಲೇ ಕೂತವರ ಕೈ ಕುಲುಕುತ್ತಾ ಬಂದರು. ಮೊದಲೇ ಕೂತಿದ್ದವರು ಆ ಹನ್ನೊಂದು ಹುಡುಗರು. ನಾನೂರು ಜನರ ಕೈ ಕುಲುಕುವ ಹೊತ್ತಿಗೆ ಅವರಲ್ಲಿ ಇಬ್ಬರು ನಿಜವಾಗಿಯೂ ಅಳುತ್ತಿದ್ದರು.

"ಸಂತಾಪ ಮಗಾ, ಸಂತಾಪ. ನಿನ್ನ ತಂಗೀನಾ?"

"ಇಲ್ಲಮ್ಮ, ನಾನು ಇಲ್ಲಿ ತರಬೇತಿ…"

"ಅಯ್ಯೋ, ದುಃಖದಲ್ಲಿ ಏನೇನೋ ಮಾತಾಡುತ್ತೆ ಕೂಸು. ನೀರು ಕೊಡ್ರೋ."

ಮಹಿಳಾ ಸಂಘದ ಮುಖ್ಯಸ್ಥೆ, ಹಿರಿಯರೆಂದು 'ನಾನಾ' ಎನಿಸಿಕೊಳ್ಳುವ ಪೊಕುವಾ, ಯಾರನ್ನೂ ಕೇಳದೆ ಕುರ್ಚಿ ತರಿಸಿದರು, ನೀರಿನ ಪೊಟ್ಟಣ ಹಂಚಿಸಿದರು, ಹಳದಿ ಪಟ್ಟಿಯನ್ನು ಬಿಚ್ಚಿಸಿ ಶಾಮಿಯಾನ ಕಟ್ಟಲು ಬಳಸಿದರು. ಸೀಮೆಸುಣ್ಣದ ಆಕಾರದ ಮೇಲೆ ಯಾರೋ ಹೂವಿಟ್ಟರು. ಮೈದಾನದ ಗೇಟಿನ ಬಳಿ ನಿಂತಿದ್ದ ಅಫ್ರಾಕೋಮಾರನ್ನು ಕಂಡು ಪೊಕುವಾ ಕೈ ಹಿಡಿದರು.

"ನಿನ್ನ ಹೆಸರು ನೋಡ್ದೆ, ಹೊರಟೇಬಿಟ್ಟೆ. ಅಲ್ಲ ಕಣೇ, ಎಂಥ ವಯಸ್ಸು!"

ಯೂಜೀನ್ ಓಡಿ ಬಂದು ಅಫ್ರಾಕೋಮಾರನ್ನು ಪಕ್ಕಕ್ಕೆ ಕರೆದ. ಅವನ ಮುಖ ಬೆಳಗುತ್ತಿತ್ತು.

"ಆಂಟಿ, ಮೂರು ಕ್ಯಾಮೆರಾ ಓಡ್ತಿದೆ. ನೀವು ಸುಮ್ನೆ ಇರಿ ಸಾಕು. ಪರದೆ ಮೇಲೆ ಕಂತು ಹಾಕಿದ್ಮೇಲೆ ಅವರಿಗೇ ಗೊತ್ತಾಗುತ್ತೆ. ಇದು ಚಿನ್ನ!"

"ಗೊತ್ತಾದ್ಮೇಲೆ ಅವರು ಯಾರ ಹೆಸರು ಹೇಳ್ತಾರೆ? ನಿಂದಾ?"

ಅಷ್ಟರಲ್ಲಿ ನಾನಾ ಡ್ವಾಮೆನಾ ಕೋಲೂರಿ ಎದ್ದರು. ಎಪ್ಪತ್ತೆಂಟರ ನಿವೃತ್ತ ರೈಲ್ವೆ ಗಾರ್ಡ್. ಬಡಾವಣೆಯ ಯಾವ ಕೂಟವನ್ನೂ ತಪ್ಪಿಸಿದವರಲ್ಲ. ಬಂದವರ ಪರವಾಗಿ ಕೇಳಬೇಕಾದ್ದನ್ನು ಕೇಳುವುದು ಅವರ ಕೆಲಸ. ವಾರದ ಕೂಟದಲ್ಲಿ ಸಾವು ಹೇಗಾಯಿತೆಂದು ಕುಟುಂಬ ಹೇಳಲೇಬೇಕು. ಹೇಳದಿದ್ದರೆ ಯಾರೂ ಏಳುವುದಿಲ್ಲ.

"ನಾವು ಒಳ್ಳೇದಕ್ಕೇ ಬಂದಿದೀವಿ," ಎಂದು ಕ್ರಮದಂತೆ ಆರಂಭಿಸಿ, ಅವರು ಪೋಸ್ಟರನ್ನು ಕನ್ನಡಕದ ಹತ್ತಿರ ಹಿಡಿದರು. "ಕುಲದ ಹಿರಿಯ ಯೂಜೀನ್ ಅಸಿಯಾಮಾ ಯಾರಪ್ಪ? ಎದ್ದು ನಿಲ್ಲು. ಕೂಸು ಹೇಗೆ ಹೋಯ್ತು ಹೇಳು."

ನಾನೂರು ಜನ ತಿರುಗಿದರು. ಯೂಜೀನ್ ಬಿಗಿ ಪ್ಯಾಂಟಿನಲ್ಲಿ ಮುಂದೆ ಬಂದು ನಿಂತ. ಕೊಲೆಯ ವಿವರದ ಬಗ್ಗೆ ಬಾಯಿ ಬಿಟ್ಟರೆ ಕೆಲಸ ಹೋಗುತ್ತದೆಂದು ಅವನ ಕರಾರಿನಲ್ಲಿತ್ತು.

"ನಾನಾ, ಅದು… ಎಂಟನೇ ವಾರ ಗೊತ್ತಾಗುತ್ತೆ."

"ಅಂದ್ರೆ ಶವ ಎಂಟು ವಾರ ಇಡ್ತೀರಾ?"

"ಏನಿಲ್ಲ ಬಿಡಿ," ಎಂದಿತು ಹಿಂದಿನ ಸಾಲು. "ನಮ್ಮ ಭಾವನ್ನ ಐದು ತಿಂಗಳು ಇಟ್ಟಿದ್ರು. ಅಮೆರಿಕದಿಂದ ಮಗ ಬರ್ಬೇಕಿತ್ತು."

"ಶವ ಬೇಕಾದ್ರೆ ಇಟ್ಕೋ. ಕಾರಣ ಯಾಕೆ ಇಟ್ಕೋತೀಯಾ?" ಎಂದರು ಡ್ವಾಮೆನಾ. "ಕಾಯಿಲೆನಾ? ಅಪಘಾತನಾ?"

"ಅದು ಹೇಳೋ ಹಾಗಿಲ್ಲ, ನಾನಾ. ಆದ್ರೆ ಪ್ರತಿ ವಾರ ಒಂದೊಂದು ಸುಳಿವು ಕೊಡ್ತೀವಿ."

ಟೊಮೆಟೊ ವ್ಯಾಪಾರಿಯೊಬ್ಬಳು ದನಿ ಎತ್ತಿ, "ಇವನೇ ಏನೋ ಮಾಡಿದಾನೆ!" ಎಂದಳು. ಚಾಲಕರ ಸಂಘದಿಂದ ನಾಲ್ಕು ಜನ ಎದ್ದರು. ಕ್ಯಾಮೆರಾದವನು ಹಿಂದೆ ಸರಿದ, ಆದರೆ ಕ್ಯಾಮೆರಾ ನಿಲ್ಲಿಸಲಿಲ್ಲ.

ಅಫ್ರಾಕೋಮಾ ಮುಂದೆ ಬಂದು ಮೈಕ್ ತೆಗೆದುಕೊಂಡರು. ಯೂಜೀನ್ ಬೇಡವೆಂದು ತಲೆಯಾಡಿಸಿದ. ಚಾಲಕರನ್ನು ನೋಡಿ ತಲೆಯಾಡಿಸುವುದನ್ನು ನಿಲ್ಲಿಸಿದ.

"ನಾನಾ, ಈ ಕೂಸು ಸತ್ತಿಲ್ಲ," ಎಂದರು ಅಫ್ರಾಕೋಮಾ. "ಅಂಥ ಕೂಸೇ ಇಲ್ಲ. ಅದು ಟಿ.ವಿ. ಕಥೆ. ಯಾರೂ ಸತ್ತಿಲ್ಲ ಅಂತ ದೊಡ್ಡದಾಗಿ ಬರೀರಿ ಅಂದಿದ್ದೆ, ಇವರು ಇರುವೆ ಗಾತ್ರಕ್ಕೆ ಬರೆದ್ರು. ಅದು ಅವರ ತಪ್ಪು. ಸಾಯದವರಿಗೆ ಪೋಸ್ಟರ್ ಬರೆಯೋಕೆ ಒಪ್ಪಿದ್ದು, ಅಚ್ಚಾಗಿ ಬಂದಿದ್ದನ್ನ ನೋಡದೆ ಊರಿಗೆ ಹೋಗಿದ್ದು ನನ್ನ ತಪ್ಪು. ನನ್ನ ಹೆಸರು ನೋಡಿ ಬಂದ್ರಿ. ನನ್ನ ಹೆಸರೇ ನಿಮಗೆ ಸುಳ್ಳು ಹೇಳ್ತು."

ಪರದೆಯ ಹಿಂದೆ ಕಾದು ಕಾದು ಸಾಕಾಗಿದ್ದ ಒಹೆನೆವಾ, ತನ್ನ ಸರದಿ ಬಂತೆಂದು ತಿಳಿದು ಆ ಕ್ಷಣಕ್ಕೆ ಹೊರಗೆ ಬಂದಳು. ಬೂದು ಮುಖ, ನೀಲಿ ಕುತ್ತಿಗೆ. ಮುಂದಿನ ಮೂರು ಸಾಲು ಕುರ್ಚಿಗಳು ಖಾಲಿಯಾಗಲು ಐದು ಸೆಕೆಂಡು ಹಿಡಿಯಿತು. ಪೊಕುವಾ ಒಬ್ಬರೇ ಕದಲಲಿಲ್ಲ. ಹುಡುಗಿಯ ಎರಡೂ ಕೈ ಹಿಡಿದು ನೋಡಿದರು, ಕೆನ್ನೆ ಮುಟ್ಟಿದರು, ಸೆರಗಿನಿಂದ ಬಣ್ಣ ಒರೆಸತೊಡಗಿದರು.

"ಬೆಚ್ಚಗಿದೆ. ಬದುಕಿದೆ. ಯಾರ ಮಗಳೇ ನೀನು? ನಿಮ್ಮಮ್ಮ ಇದನ್ನ ನೋಡಿದಾಳಾ?"

ಹಿರಿಯರು ಶಾಮಿಯಾನದ ಮೂಲೆಯಲ್ಲಿ ಇಪ್ಪತ್ತು ನಿಮಿಷ ಮಾತಾಡಿ ತೀರ್ಪು ಕೊಟ್ಟರು. ಬದುಕಿರುವವಳನ್ನು ಸತ್ತಳೆಂದು ಸಾರಿದ್ದಕ್ಕೆ ವಾಹಿನಿಯಿಂದ ಒಂದು ಕುರಿ. ಹೆದರಿದ ಆತ್ಮ ನೆಮ್ಮದಿಗೊಳ್ಳಲು ಹುಡುಗಿಗೆ ಎಟೊ, ಅಂದರೆ ತಾಳೆಎಣ್ಣೆಯಲ್ಲಿ ಹಿಸುಕಿ ಕಲಸಿದ ಯಾಮ್ ಗೆಡ್ಡೆ ಮತ್ತು ಮೊಟ್ಟೆ. ಅಫ್ರಾಕೋಮಾ ಒಂದೊಂದು ಪೋಸ್ಟರನ್ನೂ ತಮ್ಮ ಕೈಯಾರೆ ಕೀಳಬೇಕು. ಮೊಟ್ಟೆ ತಿನ್ನಿಸುವುದನ್ನು ಚಿತ್ರೀಕರಿಸಬಹುದೇ ಎಂದು ಯೂಜೀನ್ ಕೇಳಿದ. ಡ್ವಾಮೆನಾ ಎರಡನೆಯ ಕುರಿ ಸೇರಿಸಿದರು.

ಕೀಳಲು ಒಂಬತ್ತು ದಿನ ಹಿಡಿಯಿತು. ಬಕೆಟ್ಟು, ಅಗಲ ಅಲಗಿನ ಚಾಕು. ಮೂರನೆಯ ದಿನದಿಂದ ಒಹೆನೆವಾಳೂ ಜೊತೆಗೆ. ತನ್ನ ಮುಖವನ್ನು ತಾನೇ ಕೆರೆಯುತ್ತಾ, "ಆಂಟಿ, ಈ ಫೋಟೋದಲ್ಲಿ ನಾನು ಚೆನ್ನಾಗಿದ್ದೆ ಅಲ್ವಾ?" ಎನ್ನುತ್ತಿದ್ದಳು.

ಯೂಜೀನ್ ಕೇಂದ್ರ ಕಚೇರಿಗೆ ವರದಿ ಕಳಿಸಿದ. ಹಾಜರಿ ನಾನೂರ ಹನ್ನೆರಡು, ಸರಾಸರಿ ವಯಸ್ಸು ಐವತ್ತೊಂಬತ್ತು. ಅಕ್ರಾದವರು ಧಾರಾವಾಹಿಯನ್ನು ಭಾನುವಾರ ಚರ್ಚ್ ಬಿಟ್ಟ ಹೊತ್ತಿಗೆ ಬದಲಿಸಿದರು, ಅವನಿಗೆ ಬಡ್ತಿ ಕೊಟ್ಟರು. ಮಹಿಳಾ ಸಂಘದವರು ಒಂದು ಕಂತನ್ನೂ ಬಿಡದೆ ನೋಡಿದರು, ಕೊಲೆಗಾರ ಯಾರೆಂದು ಎರಡನೇ ವಾರವೇ ಪತ್ತೆ ಮಾಡಿದರು. ಹದಿನಾರರಿಂದ ಇಪ್ಪತ್ತನಾಲ್ಕರವರು ನೋಡಿದ ದಾಖಲೆ ಇಲ್ಲ.

ಅಫ್ರಾಕೋಮಾರ ಅಂಗಡಿಗೆ ಐದು ವಾರ ಯಾರೂ ಬರಲಿಲ್ಲ. ಆ ಅವಧಿಯಲ್ಲಿ ಬಡಾವಣೆಯಲ್ಲಿ ಹದಿನಾಲ್ಕು ಸಾವಾಗಿತ್ತು, ಹದಿನಾಲ್ಕೂ ಬೇರೆ ಅಂಗಡಿಗೆ ಹೋದವು. ಆರನೇ ವಾರ ಪೊಕುವಾ ಬಂದರು. ಅವರ ತಮ್ಮ ತೀರಿಕೊಂಡಿದ್ದ.

"ನೀನೇ ಬರಿ," ಎಂದರು. "ಆದ್ರೆ ಮೊದಲು ಬಂದು ನೋಡು. ಜನ ನನ್ನ ಕೇಳ್ತಾರೆ, ಅಫ್ರಾಕೋಮಾ ನೋಡಿದಾಳಾ ಅಂತ."

ಅಫ್ರಾಕೋಮಾ ಶವಾಗಾರಕ್ಕೆ ಹೋಗಿ ನೋಡಿದರು. ಪೋಸ್ಟರಿನಲ್ಲಿ ತಮ್ಮ ಹೆಸರಿನ ಪಕ್ಕ ಫೋನ್ ನಂಬರನ್ನೂ ಹಾಕಿದರು. ಸಾವು ನಿಜವೇ ಎಂದು ಕೇಳಿ ಅದಕ್ಕೆ ಹತ್ತೊಂಬತ್ತು ಕರೆ ಬಂದವು. ಮುಂದಿನದಕ್ಕೆ ಹದಿನೈದು. ಈಗ ಒಂದು ಸಾವಿಗೆ ಏಳೆಂಟಕ್ಕೆ ಇಳಿದಿದೆ. ಆದರೆ ಸೊನ್ನೆಗೆ ಬಂದಿಲ್ಲ.

ಮೊನ್ನೆ ನಾವು ಅಂಗಡಿಗೆ ಹೋದಾಗಲೂ ಅವರು ಫೋನಿನಲ್ಲಿದ್ದರು.

"ಹೌದಪ್ಪ, ನಿಜ. ನಾನೇ ಹೋಗಿ ನೋಡ್ಕೊಂಡು ಬಂದೆ… ಇಲ್ಲ, ಮುಖ ಶಾಂತವಾಗಿತ್ತು… ನಿಂಗೆ ಏನಾಗ್ಬೇಕು ಅವರು? ಮೇಷ್ಟ್ರಾ? ಯಾವ ತರಗತಿಗೆ?" ಕೂರಲು ನಮಗೆ ಸ್ಟೂಲ್ ತೋರಿಸಿ, ಫ್ಯಾನ್ ಸದ್ದಿಗೆ ಮಾತು ಕೇಳಿಸದೆಂದು ಅದನ್ನು ಆರಿಸಿ, ಕಿವಿಗೆ ಫೋನ್ ಒತ್ತಿ ಹಿಡಿದರು. "ಹೇಳು, ಹೇಳು. ನಂಗೇನೂ ಅವಸರ ಇಲ್ಲ."