ಸುಣ್ಣದ ಗೆರೆಯ ಅಡುಗೆಮನೆ

ಇಂದು ಬೆಳಿಗ್ಗೆ ಬೂಟು ಝಾಡಿಸಿದರೆ ಅಡಿಯಿಂದ ಬಿಳಿ ಪುಡಿ ಉದುರಿತು. ಸುಣ್ಣ. ಭಾನುವಾರ ನೋಡಿಬಂದ ಕಲಾಕೇಂದ್ರದ್ದು. ಎರಡು ದಿನ ನನ್ನ ಜೊತೆ ನಾಗಪುರವೆಲ್ಲ ತಿರುಗಿದೆ ಎಂದಾಯಿತು.

ಕಲೆಯನ್ನೂ ಕಟ್ಟಡ ಕಟ್ಟುವ ವಿದ್ಯೆಯನ್ನೂ ಜೋಡಿಸುವ ಜಾಗವಂತೆ ಅದು. ಗಾಂಧಿಬಾಗಿನ ಗಲ್ಲಿಗಳ ಹಿಂದೆ, ಹಳೆಯ ಬಟ್ಟೆ ಗೋದಾಮಿನಲ್ಲಿ ಈಚೆಗೆ ತೆರೆದಿದ್ದಾರೆ. ನಾನು ಹೋದದ್ದು ಮೆಚ್ಚಲಿಕ್ಕಲ್ಲ, ನಿಮ್ಮ ಮುಂದೆ ಸುಳ್ಳೇಕೆ? ಕಾಲೇಜಿನ ಚರ್ಚಾಸ್ಪರ್ಧೆಗಳಲ್ಲಿ ಪಳಗಿದವನು ನಾನು. ಎಲ್ಲಿಗೇ ಹೋಗಲಿ, ಕಾಲಿಡುವ ಮೊದಲೇ ಅದರ ವಿರುದ್ಧ ಮೂರು ಅಂಶ ಸಿದ್ಧವಿರುತ್ತವೆ. ಸೀರೆಗೆ ಫಾಲ್ ಕೊಳ್ಳಲು ಜೊತೆಗೆ ಬಂದಿದ್ದ ಅವ್ವ, "ಒಳಗ ಫ್ಯಾನರ ಅದಾವಿಲ್ಲೋ?" ಎನ್ನುತ್ತ ಹಿಂದೆ ಬಂದಳು.

ಒಳಗೆ ಏನಿತ್ತು ಅಂತೀರಿ? ನೆಲ. ಮಣ್ಣು ಹರಡಿ, ಅದರ ಮೇಲೆ ಸುಣ್ಣದ ಪುಡಿಯಲ್ಲಿ ಒಂದು ಮನೆಯ ನಕ್ಷೆ, ಮನೆಯಷ್ಟೇ ದೊಡ್ಡದು. ಗೋಡೆಯಿರಬೇಕಾದಲ್ಲಿ ಗೆರೆ, ಬಾಗಿಲಿರಬೇಕಾದಲ್ಲಿ ಖಾಲಿ. ನಾನು ಗೆರೆಗಳನ್ನು ದಾಟಿ ನೇರ ನಡುವೆ ಹೋಗಿ ನಿಂತೆ.

"ಇದು ಕಲಾ ಅಂದ್ರ, ಹಿಂಗಣಾ ರೋಡಿನ ಮೇಸ್ತ್ರಿಗಳೆಲ್ಲಾ ಕಲಾವಿದರಽ!"

ತಿರುಗಿ ನೋಡಿದರೆ ಅವ್ವ ಮುಂಬಾಗಿಲಿನ ಖಾಲಿ ಜಾಗದ ಹೊರಗೆ ಚಪ್ಪಲಿ ಬಿಡುತ್ತಿದ್ದಳು.

"ಮಾವಶಿ, ಚಪ್ಪಲ್ ರಾಹೂ ದ್ಯಾ," ಚಪ್ಪಲಿ ಕಾಲಲ್ಲೇ ಇರಲಿ ಎಂದು ಅಲ್ಲಿನ ಹುಡುಗಿ ನಕ್ಕಳು. ಮನೆಯೊಳಗೆ ಚಪ್ಪಲಿ ಹಾಕಿಕೊಂಡು ಹೇಗೆ ಬರಲಿ ಎಂದು ಅವಳನ್ನೇ ಮರಾಠಿಯಲ್ಲಿ ಕೇಳಿ ಅವ್ವ ಬರಿಗಾಲಲ್ಲಿ ಒಳಬಂದಳು. ಪಡಸಾಲೆ, ಅಲ್ಲಿಂದ ಬಾಗಿಲು ದಾಟಿ ಅಡುಗೆಮನೆ. ಒಂದು ಗೆರೆಯನ್ನೂ ತುಳಿಯಲಿಲ್ಲ.

ಹಿಂಗಣಾ ರೋಡು ನನ್ನ ಬಾಯಿಗೆ ಸುಮ್ಮನೆ ಬಂದದ್ದಲ್ಲ. ನನಗೆ ಹದಿನೇಳಾಗಿದ್ದಾಗ ರೈಲ್ವೆ ನೌಕರನಾದ ಅಪ್ಪ ಅಲ್ಲೊಂದು ಸೈಟು ಹಿಡಿದಿದ್ದ. ನಮ್ಮ ಕ್ವಾರ್ಟರ್ಸಿನ ಅಡುಗೆಮನೆಯ ಕಿಟಕಿ ಪಕ್ಕದವರ ಬಚ್ಚಲಿಗೆ ತೆರೆಯುತ್ತದೆ. ಅವ್ವನಿಗೆ ಪೂರ್ವಕ್ಕೊಂದು ಕಿಟಕಿ ಬೇಕಿತ್ತು. ಮೇಸ್ತ್ರಿ ಪಾಯಕ್ಕೆ ಸುಣ್ಣದ ಗೆರೆ ಹಾಕಿದ ದಿನ ಮೂವರೂ ನೋಡಲು ಹೋದೆವು. ಆ ವಾರವಷ್ಟೇ ನಾನು ಚರ್ಚೆಯಲ್ಲೊಂದು ಕಪ್ ಗೆದ್ದಿದ್ದೆ. ವರ್ಗವಾಗುವ ನೌಕರಿ, ನಮ್ಮೂರು ಗದಗ ದೂರ, ಇಲ್ಲಿ ನಮ್ಮವರು ಯಾರೂ ಇಲ್ಲ, ಮನೆ ಯಾಕೆ ಎಂದು ನಿಂತಲ್ಲೇ ಮಂಡಿಸಿದೆ. ಅಪ್ಪ, "ಹುಡುಗ ಬರೋಬರ್ ಹೇಳ್ತಾನ" ಎಂದ. ಸೈಟು ಮಾರಿದ. ವರ್ಗ ಮಾತ್ರ ಇಂದಿನವರೆಗೂ ಆಗಿಲ್ಲ. ಕ್ವಾರ್ಟರ್ಸೂ ಅದೇ, ಬಚ್ಚಲೂ ಅದೇ. ಅವ್ವನನ್ನು ಯಾರೂ ಕೇಳಿರಲಿಲ್ಲ. ಸ್ಪರ್ಧೆಯಲ್ಲಿ ಸಭಿಕರನ್ನು ಕೇಳುವ ಪದ್ಧತಿಯಿಲ್ಲ.

"ಎಲ್ಲಿ ನಿಂತೀ ನೋಡ್ಕೋ," ಎಂದಳು ಅವ್ವ, ಆ ಗೋಡೆಯಿಲ್ಲದ ಅಡುಗೆಮನೆಯಿಂದ. "ಗ್ವಾಡಿ ಮ್ಯಾಲ."

ಬೂಟಿನಡಿ ಗೆರೆ ಅಳಿಸಿಹೋಗಿತ್ತು.

"ಆವತ್ತೂ ಹಿಂಗಽ ನಿಂತಿದ್ದಿ ತಮ್ಮಾ. ಅಡಿಗಿಮನಿ ಗ್ವಾಡಿ ಮ್ಯಾಲ."

ದನಿಯಲ್ಲಿ ಸಿಟ್ಟಿರಲಿಲ್ಲ. ಸಿಟ್ಟಿದ್ದರೆ ಪ್ರತಿವಾದ ಸಲೀಸು.

ಇಂದು ಬೆಳಿಗ್ಗೆ ಆ ಸುಣ್ಣ ಉದುರಿದ ಮೇಲೆ ಬೂಟು ಹೊರಗೇ ಬಿಟ್ಟು ನಮ್ಮ ಕ್ವಾರ್ಟರ್ಸಿನ ಅಡುಗೆಮನೆಗೆ ಹೋದೆ. ಅವ್ವ ಮೆಂತೆಸೊಪ್ಪು ಸೋಸುತ್ತಿದ್ದಳು.

"ಅವ್ವಾ, ಆ ಕಿಟಕಿ ಎಷ್ಟು ದೊಡ್ಡದು ಬೇಕಿತ್ತು ನಿನಗ?"

"ಈಗ್ಯಾಕ ಕೇಳ್ತೀಯೋ?"

ಮೂರು ಅಂಶ ನಾಲಿಗೆಗೆ ಬಂದವು, ಚಾಳಿ. ನುಂಗಿಕೊಂಡೆ. "ಆವಾಗ ಕೇಳ್ಲಿಲ್ಲಲ್ಲ, ಅದಕ್ಕ."

ಅವ್ವ ಸೊಪ್ಪು ಹಿಡಿದ ಕೈಗಳನ್ನೇ ಅಗಲಿಸಿ ತೋರಿಸಿದಳು. ನೋಡಿದಳು. ಸಾಲದೆನಿಸಿರಬೇಕು, ಇನ್ನೂ ಒಂದು ಗೇಣು ಅಗಲಿಸಿದಳು.